ಮೊದಲು ಕನ್ನಡದಾಗ ಹೇಳು

"ಸರ, ಒಂದು ಚಲೋ ಗ್ರಾಮರ್ ಪುಸ್ತಕ ಹೇಳ್ರಿ." ಓದುಗರು ಫೋನಿನಲ್ಲಿ, ಪತ್ರದಲ್ಲಿ, ಬೆಂಗೇರಿ ಸಂತೆಯಲ್ಲಿ ನಾನು ಕಾಯಿಪಲ್ಲೆ ಆರಿಸುತ್ತ ನಿಂತಾಗಲೂ ಕೇಳುವ ಪ್ರಶ್ನೆ ಇದು. ಕೇಳುವವರ ಗುರಿ ಬೇರೆ ಬೇರೆ. ಒಬ್ಬರು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್‌ಗೆ ಓದುತ್ತಿದ್ದಾರೆ. ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯ ಅಂಜಿಕೆ ಅವರಿಗೆ. ಇನ್ನೊಬ್ಬರ ಕಣ್ಣು ಯುಪಿಎಸ್‌ಸಿಯ 300 ಅಂಕಗಳ ಇಂಗ್ಲಿಷ್ ಪತ್ರಿಕೆಯ ಮೇಲಿದೆ. ಅದರಲ್ಲಿ ಶೇ. 25 ಬಂದರೆ ಸಾಕು, ಆದರೆ ಅಷ್ಟು ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ. ಮತ್ತೊಬ್ಬರಿಗೆ ಮಗಳ ಎಸ್ಸೆಸ್ಸೆಲ್ಸಿ ಪತ್ರಲೇಖನದ ಚಿಂತೆ. ಎಲ್ಲರ ಅಳಲು ಮಾತ್ರ ಒಂದೇ: "ನಿಯಮ ಓದಿದ್ರ ತಿಳಿತದರಿ, ಬರ್ಯಾಕ ಕುಂತ್ರ ಮತ್ತ ಅದೇ ತಪ್ಪು."

ಈ ಮಾತಿನ ಅರ್ಥ ನನಗೆ ಸರಿಯಾಗಿ ಮನವರಿಕೆಯಾದದ್ದು ಹೋದ ವರ್ಷದ ಮಳೆಗಾಲದಲ್ಲಿ. ನಮ್ಮ ಓಣಿಯ ಹುಡುಗಿಯೊಬ್ಬಳು ಸಂಜೆ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ನರ್ಸ್ ಕೆಲಸ ಅವಳದು. ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರಕ್ಕೂ 7 ಬ್ಯಾಂಡ್ ಕೇಳುತ್ತದೆ. ಬರವಣಿಗೆಗೂ ಮೊದಲು 7 ಬೇಕಿತ್ತು, 2018ರ ಕೊನೆಯಲ್ಲಿ ಅದನ್ನು 6.5ಕ್ಕೆ ಇಳಿಸಿದರು. ಈ ಹುಡುಗಿಗೆ ಉಳಿದ ಮೂರೂ ಬಂದಿವೆ, ಬರವಣಿಗೆ ಎರಡು ಸಲವೂ 6ಕ್ಕೆ ನಿಂತಿದೆ. ಅರ್ಧ ಬ್ಯಾಂಡ್ ಅಷ್ಟೇ. ಚೀಲದಿಂದ ಮೂರು ದಪ್ಪ ವ್ಯಾಕರಣ ಪುಸ್ತಕ ತೆಗೆದು ಟೇಬಲ್ ಮೇಲಿಟ್ಟು, "ಇನ್ನ ಯಾವುದು ತಗೊಳ್ಲಿರಿ ಸರ?" ಅಂದಳು.

ಪುಸ್ತಕ ಬದಿಗಿಡು, ನೀನು ಬರೆದದ್ದು ತೋರಿಸು ಅಂದೆ. ಅಭ್ಯಾಸದ ನೋಟ್‌ಬುಕ್ಕಿನ ಮೊದಲ ಸಾಲೇ ಹೀಗಿತ್ತು: 'ಐ ಆ್ಯಮ್ ವರ್ಕಿಂಗ್ ಆ್ಯಸ್ ಎ ನರ್ಸ್ ಸಿನ್ಸ್ ಫೈವ್ ಇಯರ್ಸ್.' ತಪ್ಪು ಎಲ್ಲಿದೆ ಎಂದು ಕೇಳಿದೆ. ಒಂದು ಕ್ಷಣ ನೋಡಿ, "ಸಿನ್ಸ್ ಅಲ್ರಿ, ಫಾರ್ ಆಗಬೇಕು. ಹ್ಯಾವ್ ಬೀನ್ ಆಗಬೇಕು" ಎಂದು ತಾನೇ ಹೇಳಿದಳು. ನಿಯಮ ಬಾಯಿಗೇ ಬಂದಿತ್ತು. "ಗೊತ್ತಿದ್ದೂ ಹಂಗ್ಯಾಕ ಬರದಿ ತಂಗಿ?" ಅಂದರೆ ಉತ್ತರವಿಲ್ಲ. "ಇದನ್ನ ಒಮ್ಮೆ ಕನ್ನಡದಾಗ ಹೇಳು" ಅಂದೆ. "ಐದು ವರ್ಷದಿಂದ ನರ್ಸ್ ಅಂತ ಕೆಲಸ ಮಾಡಾಕತ್ತೀನ್ರಿ" ಅಂದವಳೇ ಸುಮ್ಮನಾದಳು. ನೋಟ್‌ಬುಕ್ಕಿನ ಸಾಲನ್ನು ಮತ್ತೊಮ್ಮೆ ಓದಿಕೊಂಡಳು. ಆಮೇಲೆ ಮೆಲ್ಲಗೆ, "ಇದು ನಮ್ಮ ಮಾತೇ ಐತಲ್ರಿ" ಅಂದಳು.

ಹೌದು, ಅದು ನಮ್ಮ ಮಾತೇ. 'ಮಾಡಾಕತ್ತೀನಿ' ಎನ್ನುವುದು ಈಗ ನಡೆದಿರುವ ಕೆಲಸ, ಹಾಗಾಗಿ ಕೈ 'ಆ್ಯಮ್ ವರ್ಕಿಂಗ್' ಎಂದು ಬರೆಯಿತು. 'ವರ್ಷದಿಂದ' ಎಂಬಲ್ಲಿ 'ಇಂದ' ಇದೆ, ಕೈ 'ಸಿನ್ಸ್' ಎಂದು ಬರೆಯಿತು. ಕನ್ನಡದಲ್ಲಿ '2019ರಿಂದ' ಎಂದರೂ 'ಐದು ವರ್ಷದಿಂದ' ಎಂದರೂ ಪ್ರತ್ಯಯ ಒಂದೇ. ಇಂಗ್ಲಿಷು ಅಲ್ಲಿ ದಾರಿ ಕವಲೊಡೆಸುತ್ತದೆ. ಶುರುವಾದ ದಿನ, ತಿಂಗಳು, ಇಸವಿ ಹೇಳಿದರೆ 'ಸಿನ್ಸ್'. ಕಳೆದ ಕಾಲವನ್ನು ಅಳೆದು ಹೇಳಿದರೆ 'ಫಾರ್'. ಹಿಂದೆ ಶುರುವಾಗಿ ಇವತ್ತಿಗೂ ನಡೆದಿರುವ ಕೆಲಸಕ್ಕೆ ನಾವು ವರ್ತಮಾನವನ್ನೇ ಬಳಸುತ್ತೇವೆ, ಅವರು 'ಹ್ಯಾವ್ ಬೀನ್' ಎಂದು ಬೇರೆಯದೇ ರೂಪ ಇಟ್ಟುಕೊಂಡಿದ್ದಾರೆ. ಹುಡುಗಿ ಮಾಡಿದ್ದು ಎರಡು ತಪ್ಪು, ಎರಡಕ್ಕೂ ಬೇರು ಒಂದೇ ಕನ್ನಡ ವಾಕ್ಯ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವಾಗ ಮಾಡುವ ಬಹಳಷ್ಟು ತಪ್ಪು ದಡ್ಡತನದಿಂದ ಬಂದದ್ದಲ್ಲ. ಅವರೊಳಗಿನ ಕನ್ನಡ ವ್ಯಾಕರಣ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿದೆ, ಊರು ಮಾತ್ರ ಬೇರೆಯದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವರಿಗೆ ಸಿಗುವುದು ಕೆಂಪು ಮಸಿಯ ಗೆರೆ, ಅದರ ಜೊತೆಗೊಂದಿಷ್ಟು ಕೀಳರಿಮೆ. ಗೆರೆ ಎಳೆದವರು ತಪ್ಪು ಎಲ್ಲಿಂದ ಬಂತೆಂದು ತೋರಿಸುವುದಿಲ್ಲ, ಹಾಗಾಗಿ ಅದು ಮರುದಿನ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ.

ಪರೀಕ್ಷೆ ವ್ಯಾಕರಣಕ್ಕೆ ಎಷ್ಟು ತೂಕ ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು. ಐಇಎಲ್‌ಟಿಎಸ್ ಬರವಣಿಗೆಗೆ 60 ನಿಮಿಷ. ಮೊದಲ ಭಾಗಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ಬೆಲೆ. ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ಮಾತು ಮಾತಿಗೆ ಕೊಂಡಿ ಇದೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ ಎಂಬ ನಾಲ್ಕು ಅಳತೆಗಳಿಗೂ ತಲಾ ಶೇ. 25. ವ್ಯಾಕರಣದ ಅಳತೆಯೊಳಗೆ ಮತ್ತೆ ಎರಡು ಸಂಗತಿ ಸೇರಿವೆ: ಎಷ್ಟು ಬಗೆಯ ವಾಕ್ಯ ಕಟ್ಟಬಲ್ಲಿರಿ, ಅವು ಎಷ್ಟು ಶುದ್ಧವಾಗಿವೆ. 6ನೇ ಬ್ಯಾಂಡಿನವರೂ ಸರಳ ಮತ್ತು ಸಂಕೀರ್ಣ ವಾಕ್ಯಗಳನ್ನು ಬೆರೆಸಿ ಬರೆಯುತ್ತಾರೆ, ತಪ್ಪಿದ್ದರೂ ಅರ್ಥ ಕೆಡುವುದಿಲ್ಲ. 7ಕ್ಕೆ ಹೋಗಲು ತಪ್ಪೇ ಇಲ್ಲದ ವಾಕ್ಯಗಳು ಮೇಲಿಂದ ಮೇಲೆ ಬರಬೇಕು. ನಮ್ಮ ಹುಡುಗಿ ಸಿಕ್ಕಿಕೊಂಡಿದ್ದು ಈ ಎರಡರ ನಡುವೆ. ಅವಳಿಗೆ ಹೊಸ ವ್ಯಾಕರಣ ಬೇಕಿರಲಿಲ್ಲ. ಗೊತ್ತಿದ್ದ ವ್ಯಾಕರಣ ಬರೆಯುವ ಹೊತ್ತಿಗೆ ಕೈಗೆ ಬರಬೇಕಿತ್ತು.

ಅವಳ ಎರಡು ಪ್ರಬಂಧ ಇಟ್ಟುಕೊಂಡು ಇಬ್ಬರೂ ಕೂತು ತಪ್ಪು ಎಣಿಸಿದೆವು. ಒಟ್ಟು ಮೂವತ್ತೊಂದು. ಅವಳ ಮುಖ ಸಣ್ಣದಾಯಿತು. ಆದರೆ ಜಾತಿ ವಿಂಗಡಿಸಿದಾಗ ಮೂವತ್ತೊಂದೂ ನಾಲ್ಕೇ ಬಗೆಯಲ್ಲಿ ಬಂದು ಕೂತವು. ಒಂದು, ಆಗಲೇ ಹೇಳಿದ ಕಾಲದ ತಪ್ಪು. ಉಳಿದ ಮೂರನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅವು ಅವಳೊಬ್ಬಳವೇ ಅಲ್ಲ.

ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಅಲ್ಪವಿರಾಮದಿಂದ ಅಂಟಿಸಿದ ವಾಕ್ಯಗಳು. ಕನ್ನಡದಲ್ಲಿ ನಾವು ಹೇಗೆ ಮಾತಾಡುತ್ತೇವೆ ನೋಡಿ: ಮುಂಜಾನೆ ಎದ್ದು, ಜಳಕ ಮಾಡಿ, ಚಹಾ ಕುಡಿದು, ಕೇಶ್ವಾಪುರದ ತನಕ ನಡೆದು, ಬಸ್ ಹತ್ತಿ ಡ್ಯೂಟಿಗೆ ಹೋದೆ. ಆರು ಕೆಲಸ, ಒಂದೇ ವಾಕ್ಯ. ಎದ್ದು, ಮಾಡಿ, ಕುಡಿದು, ನಡೆದು, ಹತ್ತಿ ಇವೆಲ್ಲ ಅಪೂರ್ಣ ಕ್ರಿಯೆಗಳು. ಶಾಲೆಯಲ್ಲಿ ಕೃದಂತಾವ್ಯಯ ಎಂದು ಕಲಿತದ್ದು ಇದನ್ನೇ. ವಾಕ್ಯವನ್ನು ಮುಗಿಸುವ ಪೂರ್ಣ ಕ್ರಿಯಾಪದ 'ಹೋದೆ' ಒಂದೇ. ಮಣಿ ಪೋಣಿಸಿದ ಹಾಗೆ ಎಷ್ಟು ಕೆಲಸವನ್ನಾದರೂ ಪೋಣಿಸುತ್ತ ಹೋಗಬಹುದು, ಕೊನೆಗೆ ಒಂದು ಗಂಟು ಹಾಕಿದರಾಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಈ ಹುಡುಗಿ 'ಐ ವೋಕ್ ಅಪ್, ಐ ಡ್ರ್ಯಾಂಕ್ ಟೀ, ಐ ವೆಂಟ್ ಟು ಡ್ಯೂಟಿ' ಎಂದು ಬರೆದಳು. 'ಎದ್ದು', 'ಕುಡಿದು' ಪದಗಳ ಕೊನೆಯ ಉಕಾರ ಮಾಡುವ ಕೆಲಸವನ್ನು ಅಲ್ಪವಿರಾಮ ಮಾಡುತ್ತದೆ ಎಂದು ಅವಳ ಕಿವಿ ನಂಬಿತ್ತು. ಆದರೆ 'ವೋಕ್', 'ಡ್ರ್ಯಾಂಕ್', 'ವೆಂಟ್' ಮೂರೂ ಪೂರ್ಣ ಕ್ರಿಯಾಪದಗಳು. ಪರೀಕ್ಷಕರ ಕಣ್ಣಿಗೆ ಅಲ್ಲಿ ಮೂರು ವಾಕ್ಯಗಳಿವೆ, ನಡುವೆ ಇರಬೇಕಾದ ಪೂರ್ಣವಿರಾಮ ಇಲ್ಲ, ಜೋಡಿಸುವ ಪದವೂ ಇಲ್ಲ.

ಪ್ರಬಂಧದಲ್ಲಿ ಇದು ಇನ್ನೂ ದುಬಾರಿಯಾಗುತ್ತದೆ. ಮಂದಿ ರಾತ್ರಿಯೆಲ್ಲ ಮೊಬೈಲ್ ನೋಡಿ, ನಿದ್ದೆಗೆಟ್ಟು, ಆರೋಗ್ಯ ಕೆಡಿಸಿಕೊಳ್ಳುತ್ತಾರೆ ಎನ್ನುತ್ತೇವೆ. ಇಲ್ಲಿ 'ನೋಡಿ' ಎಂಬುದು ಮೊದಲು ನಡೆದದ್ದನ್ನೂ ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಕನ್ನಡದ ಓದುಗ ಎರಡನ್ನೂ ತಾನೇ ಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕು, 'ಬಿಕಾಸ್' ಎಂದೋ 'ಸೋ' ಎಂದೋ. ಆದ್ದರಿಂದ ಅವಳಿಗೆ ಕೊಟ್ಟ ಮೊದಲ ಅಭ್ಯಾಸ ಇದು: ಪ್ರತಿ ವಾಕ್ಯದ ಪೂರ್ಣ ಕ್ರಿಯಾಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕು. ಒಂದು ಪೂರ್ಣವಿರಾಮದೊಳಗೆ ಎರಡು ಸುತ್ತು ಬಿದ್ದರೆ ಅವೆರಡರ ನಡುವಿನ ನಂಟೇನು ಎಂದು ಕೇಳಿಕೋ. ಕಾರಣವೇ, ವಿರೋಧವೇ, ಷರತ್ತೇ, ಬರೀ ಒಂದಾದ ಮೇಲೊಂದೇ? ಆ ನಂಟಿಗೆ ತಕ್ಕ ಪದ ಹಾಕು. ನಂಟೇ ಇಲ್ಲದಿದ್ದರೆ ಪೂರ್ಣವಿರಾಮ ಇಟ್ಟುಬಿಡು. ಎರಡು ವಾರ ಇದನ್ನೇ ಮಾಡಿದಾಗ ತಪ್ಪು ಕಡಿಮೆಯಾದವು, ಜೊತೆಗೆ ಪರೀಕ್ಷಕರು ಬಯಸುವ ಸಂಕೀರ್ಣ ವಾಕ್ಯಗಳೂ ತಾವಾಗಿ ಹುಟ್ಟಿದವು. 'ಬಿಕಾಸ್', 'ಆಲ್ದೋ', 'ವಿಚ್' ಇಂಥ ಪದಗಳ ಮೂಲಕ ನಂಟು ಹೇಳಿದ ವಾಕ್ಯಕ್ಕೇ ಸಂಕೀರ್ಣ ವಾಕ್ಯವೆಂದು ಹೆಸರು. ಐವತ್ತು ವಾಕ್ಯದ ಅಚ್ಚುಗಳನ್ನು ಬಾಯಿಪಾಠ ಮಾಡಿ ಪ್ರಬಂಧದೊಳಗೆ ತುರುಕುವುದಕ್ಕಿಂತ ಈ ದಾರಿ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು 'ಎ' ಮತ್ತು 'ದಿ'. ಇದರ ಹೆಸರೆತ್ತಿದರೆ ಸಾಕು, ಎಲ್ಲರೂ ಕೈಚೆಲ್ಲುತ್ತಾರೆ. ಕನ್ನಡದಲ್ಲಿ ಇವಕ್ಕೆ ಸಮನಾದ ಪದಗಳಿಲ್ಲ, ನಿಜ. ಆದರೆ ಇವು ಹೇಳುವ ಭೇದ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. 'ನಿನ್ನೆ ಪುಸ್ತಕ ಕೊಂಡೆ' ಎಂದರೆ ಯಾವುದೋ ಒಂದು ಪುಸ್ತಕ, ಕೇಳುವವರಿಗೆ ಹೊಸ ಸುದ್ದಿ. 'ಪುಸ್ತಕವನ್ನು ಅಕ್ಕನಿಗೆ ಕೊಟ್ಟೆ' ಎಂದಾಗ ಯಾವ ಪುಸ್ತಕ ಎಂದು ಕೇಳುವವರಿಗೆ ಗೊತ್ತಾಗಿಬಿಟ್ಟಿದೆ. ಜೀವವಿಲ್ಲದ ವಸ್ತುಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ದ್ವಿತೀಯಾ ವಿಭಕ್ತಿಯ 'ಅನ್ನು' ಹಚ್ಚುವುದು, ಹಚ್ಚದೆ ಬಿಡುವುದು ಈ ಭೇದದ ಮೇಲೆಯೇ. 'ಚಹಾ ಕುಡಿದೆ' ಬೇರೆ, 'ಚಹಾವನ್ನು ಕುಡಿದೆ' ಬೇರೆ ಎಂದು ಆಡುವವರಿಗೆ ಯಾರೂ ಕಲಿಸಿಲ್ಲ, ಆದರೂ ಯಾರೂ ತಪ್ಪುವುದಿಲ್ಲ. ಇಂಗ್ಲಿಷಿನ 'ದಿ' ಕೇಳುವುದೂ ಬಹುಮಟ್ಟಿಗೆ ಅದನ್ನೇ: ಯಾವುದು ಎಂದು ಓದುವವರಿಗೆ ಗೊತ್ತೇ? ಗೊತ್ತಿದ್ದರೆ 'ದಿ'. ಎಣಿಸಬಹುದಾದ ಒಂದು ವಸ್ತುವನ್ನು ಮೊದಲ ಸಲ ಹೇಳುತ್ತಿದ್ದರೆ 'ಎ'. ಎಲ್ಲ ಪುಸ್ತಕಗಳ ಬಗ್ಗೆ, ಎಲ್ಲ ಮಕ್ಕಳ ಬಗ್ಗೆ ಒಟ್ಟಾಗಿ ಹೇಳುವಾಗ ಬಹುವಚನ ಹಾಕಿ ಎರಡನ್ನೂ ಬಿಡು. ಈ ಮೂರು ಪ್ರಶ್ನೆಗೆ ಸಿಗದ ಸಂದರ್ಭಗಳು ಇದ್ದೇ ಇವೆ, ಅವು ಓದುತ್ತ ಓದುತ್ತ ಬರುತ್ತವೆ. ಆದರೆ ಪ್ರಬಂಧದಲ್ಲಿ ಬರುವ ಹೆಚ್ಚಿನ ತಪ್ಪು ಈ ಮೂರರಲ್ಲೇ ತೀರುತ್ತದೆ. "ಇದು ನಮ್ಮ ಕನ್ನಡದಾಗೂ ಐತೇನ್ರಿ!" ಎಂದು ಹುಡುಗಿ ಅಂದಾಗ ಅವಳ ದನಿ ಬದಲಾಗಿದ್ದು ನನಗೆ ಕೇಳಿಸಿತು. ಪರಕೀಯವೆನಿಸಿದ್ದು ಪರಿಚಯದ್ದಾದರೆ ಅರ್ಧ ಅಂಜಿಕೆ ಹೋದ ಹಾಗೆ.

ಮೂರನೆಯದನ್ನು ಬೇಗ ಹೇಳಿ ಮುಗಿಸಬಹುದು. ಅವಳು 'ದಿ ಪ್ರೈಸ್ ಆಫ್ ಆನಿಯನ್ಸ್ ಆರ್ ಇನ್‌ಕ್ರೀಸಿಂಗ್' ಎಂದು ಬರೆದಿದ್ದಳು. ಕ್ರಿಯಾಪದ ತನ್ನ ಪಕ್ಕದಲ್ಲಿದ್ದ 'ಆನಿಯನ್ಸ್' ನೋಡಿ ಬಹುವಚನವಾಗಿದೆ. ಅಮರಗೋಳದ ಎಪಿಎಂಸಿಯಲ್ಲಿ ನಿಂತ ಯಾವ ರೈತನಾದರೂ 'ಉಳ್ಳಾಗಡ್ಡಿಗಳ ಬೆಲೆ ಏರಿವೆ' ಎನ್ನುತ್ತಾನೆಯೇ? ಏರಿದ್ದು ಬೆಲೆ, ಅದು ಒಂದು. ಕನ್ನಡದ ಕ್ರಿಯಾಪದ ಬಂದನು, ಬಂದಳು, ಬಂದರು, ಬಂದಿತು ಎಂದು ಲಿಂಗವನ್ನೂ ವಚನವನ್ನೂ ಹೊತ್ತು ನಡೆಯುತ್ತದೆ; ಅಷ್ಟನ್ನು ದಿನವೂ ತಪ್ಪಿಲ್ಲದೆ ನಿಭಾಯಿಸುವವರಿಗೆ ಇಂಗ್ಲಿಷಿನ ಈ ಒಂದು ಭೇದ ದೊಡ್ಡದೇನಲ್ಲ. ವಾಕ್ಯ ಉದ್ದವಾದಾಗ ನಡುವಿನದನ್ನು ಕೈಯಿಂದ ಮುಚ್ಚಿ, ಏರಿದ್ದು ಯಾವುದು ಎಂದು ಕನ್ನಡದಲ್ಲೇ ಕೇಳಿಕೊಂಡರೆ ಆಯಿತು. ಅದೇ ಹೊತ್ತಿಗೆ ಸಂಖ್ಯೆಯ ಮುಂದಿನ ನಾಮಪದವನ್ನೂ ನೋಡಿಕೊಳ್ಳಬೇಕು. ನಾವು 'ನಾಲ್ಕು ಕುರ್ಚಿ', 'ಹತ್ತು ಪುಸ್ತಕ' ಎನ್ನುತ್ತೇವೆ, ಸಂಖ್ಯೆ ಹೇಳಿದ ಮೇಲೆ 'ಗಳು' ಬೇಕಿಲ್ಲ. ಇಂಗ್ಲಿಷು ಅಲ್ಲಿಯೂ ಬಹುವಚನ ಕೇಳುತ್ತದೆ.

ತಪ್ಪಿನ ಬೇರು ಗೊತ್ತಾದ ಮೇಲೆ ಉಳಿಯುವುದು ಅದನ್ನು ಸಮಯದೊಳಗೆ ಹಿಡಿಯುವ ಅಭ್ಯಾಸ. ಇಲ್ಲಿ ಬೆಂಗೇರಿಯವರಿಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ನಮ್ಮ ಕಣ್ಣೆದುರಿಗೇ ಇದೆ. ಭಾರತೀಯ ಮಾನಕ ಬ್ಯೂರೋದ ಮುದ್ರೆ ಹೊತ್ತ ಖಾದಿಯ ರಾಷ್ಟ್ರಧ್ವಜ ತಯಾರಾಗುವುದು ಇಲ್ಲಿ. ನೂಲುವುದು, ನೇಯುವುದು, ಬಿಳುಪು ಮಾಡಿ ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಕೊನೆಗೆ ಹಗ್ಗ ಹಾಕಿ ಮರದ ತುಂಡು ಕಟ್ಟುವುದು, ಹೀಗೆ ಆರು ಹಂತ. ನೂಲಿಗೆ ಬೇರೆ ಅಳತೆ, ಬಣ್ಣಕ್ಕೆ ಬೇರೆ, ಚಕ್ರಕ್ಕೆ ಬೇರೆ, ಹೊಲಿಗೆಗೆ ಬೇರೆ. ಬಟ್ಟೆಯ ಎರಡೂ ಬದಿ 24 ಗೆರೆಗಳ ಚಕ್ರ ಒಂದರ ಮೇಲೊಂದು ಕೂತಿರಬೇಕು. ಬಾವುಟ ಪೂರ್ತಿ ಆದ ಮೇಲೆ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಇಷ್ಟು ಶುದ್ಧಿ ಬರುವುದಿಲ್ಲ.

ಬರವಣಿಗೆ ತಿದ್ದುವಾಗ ನಾವು ಮಾಡುವುದು ಮಾತ್ರ ಅದನ್ನೇ, ಕೊನೆಗೊಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸುವುದು. ಕಣ್ಣು ಅರ್ಥದ ಹಿಂದೆ ಓಡುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಅದಕ್ಕೆ ನಾನು ಹೇಳುವುದು, ಒಂದು ಸಲಕ್ಕೆ ಒಂದೇ ತಪ್ಪು ಹುಡುಕಿ. ಮೊದಲ ಸಲ ಕ್ರಿಯಾಪದ ಮತ್ತು ಪೂರ್ಣವಿರಾಮ ಮಾತ್ರ. ಎರಡನೆಯ ಸಲ ನಾಮಪದಗಳು ಮಾತ್ರ, ಅಂದರೆ 'ಎ', 'ದಿ', ಬಹುವಚನ. ಮೂರನೆಯ ಸಲ ಕರ್ತೃ ಮತ್ತು ಕ್ರಿಯಾಪದದ ಹೊಂದಿಕೆ. 250 ಪದಗಳನ್ನು ಹೀಗೆ ಮೂರು ಸಲ ನೋಡಲು ಮೊದಮೊದಲು ಕಾಲು ಗಂಟೆ ಬೇಕಾಗುತ್ತದೆ. ರೂಢಿಯಾದ ಮೇಲೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಮೊದಲೇ ಎತ್ತಿಟ್ಟುಕೊಂಡು ಬರೆಯಲು ಕೂಡಬೇಕು. ಕೊನೆಯ ನಿಮಿಷದ ತನಕ ಬರೆದು ಎರಡು ಸಾಲು ಹೆಚ್ಚು ಮಾಡಿದವರಿಗಿಂತ, ಬರೆದದ್ದರಲ್ಲಿ ಆರು ತಪ್ಪು ತೆಗೆದವರಿಗೆ ಲಾಭ ಹೆಚ್ಚು.

ಮನೆಯ ಅಭ್ಯಾಸಕ್ಕೆ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ನೀವು ತಪ್ಪಾಗಿ ಬರೆದ ವಾಕ್ಯ, ಅದರ ಕೆಳಗೆ ಅದರ ಕನ್ನಡ. ಬಲಪುಟದಲ್ಲಿ ತಿದ್ದಿದ ವಾಕ್ಯ, ಅದರ ಕೆಳಗೆ ಅದೇ ಅಚ್ಚಿನ ನಿಮ್ಮದೇ ಎರಡು ಹೊಸ ವಾಕ್ಯ. ದಿನಕ್ಕೊಂದು ಹೊಸ ಪ್ರಬಂಧ ಬರೆದು ಪಕ್ಕಕ್ಕೆಸೆಯುವುದರಿಂದ ಹಳೆಯ ತಪ್ಪಿನ ರೂಢಿ ಇನ್ನಷ್ಟು ಗಟ್ಟಿಯಾಗುತ್ತದೆ. ವಾರಕ್ಕೆ ಎರಡು ಬರೆದು, ಒಂದು ರಾತ್ರಿ ಬಿಟ್ಟು, ತಿದ್ದಿ, ಅದನ್ನೇ ಮತ್ತೆ ಬರೆಯಿರಿ. ಪುಸ್ತಕ ಬೇಕೇ ಬೇಕೆನ್ನುವವರು ರೇಮಂಡ್ ಮರ್ಫಿಯವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಇಟ್ಟುಕೊಳ್ಳಬಹುದು. ಅದರಲ್ಲಿ 145 ಪಾಠಗಳಿವೆ. ಮೊದಲಿಂದ ಕೊನೆಯ ತನಕ ಓದಲು ಹೋಗಬೇಡಿ. ಯಾವ ಪಾಠ ಓದಬೇಕೆಂದು ಕಂಡುಕೊಳ್ಳಲು ಪುಸ್ತಕದ ಕೊನೆಯಲ್ಲಿ ಪ್ರಶ್ನೆಗಳ ಒಂದು ಭಾಗವಿದೆ. ಅದನ್ನು ಬಿಡಿಸಿ, ಎಲ್ಲಿ ತಪ್ಪಿದಿರೋ ಆ ಪಾಠಗಳನ್ನಷ್ಟೇ ಓದಿ.

'ಇಂಗ್ಲಿಷಿನಲ್ಲೇ ಯೋಚಿಸಿ, ಕನ್ನಡ ಮರೆತುಬಿಡಿ' ಎಂಬ ಉಪದೇಶ ನಮ್ಮ ಊರಲ್ಲಿ ಅಗ್ಗವಾಗಿ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಕನ್ನಡದಲ್ಲಿ ಉಸಿರಾಡಿದ ಮನಸ್ಸು ಪರೀಕ್ಷೆಯ ಮೂರು ತಿಂಗಳಿಗೆ ಅದನ್ನು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ವಿ.ಕೃ. ಗೋಕಾಕ, ಜಿ.ಎಸ್. ಆಮೂರ, ಶಂಕರ ಮೊಕಾಶಿ ಪುಣೇಕರ ಎಲ್ಲರೂ ಇಂಗ್ಲಿಷ್ ಅಧ್ಯಾಪಕರು, ಎಲ್ಲರೂ ಕನ್ನಡದ ದೊಡ್ಡ ಬರಹಗಾರರು. ಇಂಗ್ಲಿಷಿಗಾಗಿ ಅವರು ಕನ್ನಡ ಬಿಟ್ಟುಕೊಡಲಿಲ್ಲ. ಶಾಲೆಯಲ್ಲಿ ನಮಗೆ ಸಂಧಿ, ಸಮಾಸ ಬಿಡಿಸಲು ಕಲಿಸಿದರು; ನಾವು ದಿನವೂ ಆಡುವ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದ್ದು ಕಡಿಮೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ಬರೆದದ್ದು ಕನ್ನಡದ ಒಳಿತಿಗಾಗಿ. ಇಂಗ್ಲಿಷ್ ಪರೀಕ್ಷೆಗೆ ಕೂತವರಿಗೂ ಆ ಮಾತು ಅಷ್ಟೇ ಉಪಯೋಗಕ್ಕೆ ಬರುತ್ತದೆ. ತನ್ನ ಮನೆಯ ಹೊಸ್ತಿಲು ಎಲ್ಲಿದೆ ಎಂದು ಬಲ್ಲವರು ಅದನ್ನು ಎಡವದೆ ದಾಟುತ್ತಾರೆ.

ಆ ಹುಡುಗಿ ಮೂರನೆಯ ಸಲ ಬರೆದಳು, 6.5 ಬಂತು. ಸಿಹಿ ಕೊಡಲು ಬಂದಿದ್ದಳೆಂದು ನಮ್ಮ ಮನೆಯವರು ಹೇಳಿದರು, ಆ ಹೊತ್ತಿಗೆ ನಾನು ಹೊರಗಿದ್ದೆ. ಮರುದಿನ ನಾನೇ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಅವಳ ತಮ್ಮ ಕೂತು ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆಯುತ್ತಿದ್ದ, ಎಸ್ಸೆಸ್ಸೆಲ್ಸಿ ಹುಡುಗ. 'ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟು ಡೇಸ್' ಎಂದು ಬರೆದು ಅಕ್ಕನಿಗೆ ತೋರಿಸಿದ. ಅವಳು ಪೆನ್ನು ಕೈಗೆ ತಗೊಳ್ಳಲಿಲ್ಲ, ಗೆರೆ ಎಳೆಯಲಿಲ್ಲ. ಹಾಳೆಯನ್ನು ಅವನ ಕಡೆಗೇ ತಿರುಗಿಸಿ, "ಮೊದಲ ಇದನ್ನ ಕನ್ನಡದಾಗ ಹೇಳು" ಅಂದಳು.